ಮೊಲಕ್ಕೆಂದು ಆರಿಸಿದ ತೋಟಾ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ನಾನಾಗ ಚಾಮರಾಜಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಜನರಲ್ ಸರ್ಜನ್. ಹರ್ನಿಯಾ, ಮೂಲವ್ಯಾಧಿ, ಅಪೆಂಡಿಕ್ಸ್, ಇಷ್ಟೇ ನನ್ನ ಸಾಮ್ರಾಜ್ಯ. ಗುಂಡೇಟಿನ ಗಾಯಗಳನ್ನು ವಿದ್ಯಾರ್ಥಿಯಾಗಿದ್ದಾಗ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ. ನಮ್ಮ ಪೇಟೆಯ ಜನ ಜಗಳವನ್ನು ಬಾಯಲ್ಲೇ ಮುಗಿಸುವವರು. ಅದಕ್ಕೆ ಲೈಸೆನ್ಸ್ ಬೇಕಿಲ್ಲ.

ಒಂದು ಭಾನುವಾರ, ಇನ್ನೇನು ಮನೆಗೆ ಊಟಕ್ಕೆ ಹೊರಡಬೇಕು, ಮೂವರು ಬಂದರು. ನಡುವೆ ಇದ್ದವರು ಚಂದ್ರಣ್ಣ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ, ನನ್ನ ಮಗಳ ಮದುವೆಯ ಪತ್ರಿಕೆ ಅಚ್ಚಾದದ್ದೂ ಅಲ್ಲೇ. ಅವರ ಒಂದು ತೋಳು ಹಿಡಿದಿದ್ದವನು ಹೆಂಡತಿಯ ತಮ್ಮ ಶಶಿಧರ. ಇನ್ನೊಂದು ತೋಳು ಹಿಡಿದಿದ್ದವನು ಮಲ್ಲೇಶ್ವರದ ಬಿಲ್ಡರ್, ಬಾಲ್ಯದ ಗೆಳೆಯ ನಾಗರಾಜು.

"ಜಾಲಿ ಮುಳ್ಳು ಚುಚ್ಚಿದೆ ಡಾಕ್ಟ್ರೇ," ಅಂದ ನಾಗರಾಜು. "ಒಂದು ಇಂಜೆಕ್ಷನ್ ಕೊಟ್ಬಿಡಿ, ಹೋಗ್ತೀವಿ."

ಅಂಗಿ ಎತ್ತಿ ನೋಡಿದೆ. ಹೊಕ್ಕುಳಿನ ಎಡಕ್ಕೆ ಒಂದು ತೂತು, ಪೆನ್ಸಿಲ್‌ಗಿಂತ ಸಣ್ಣದು. ರಕ್ತವೂ ಹೆಚ್ಚಿಲ್ಲ. ಆದರೆ ಹೊಟ್ಟೆ ಮಾತ್ರ ಹಲಗೆಯಂತೆ ಬಿಗಿದಿತ್ತು. ಕರುಳು ತೂತಾಗಿ ಒಳಗಿನ ಕೊಳೆ ಹೊಟ್ಟೆಯೊಳಗೆಲ್ಲ ಹರಡಿದಾಗ ಹೀಗಾಗುತ್ತದೆ, ಪೆರಿಟೊನೈಟಿಸ್ ಎನ್ನುತ್ತೇವೆ. ನಾಡಿ ಓಡುತ್ತಿತ್ತು. ಮುಳ್ಳು ಚುಚ್ಚಿದ್ದು ಯಾವಾಗ ಎಂದು ಕೇಳಿದರೆ ಮೂವರೂ ಮೂರು ಹೊತ್ತು ಹೇಳಿದರು. ಎಕ್ಸ್‌ರೇ ತೆಗೆಸಿದೆ. ಬೆನ್ನುಮೂಳೆಯ ಪಕ್ಕದಲ್ಲಿ ಕಡಲೆಕಾಳಿನ ಗಾತ್ರದ ಒಂದು ಬಿಳಿ ಚುಕ್ಕೆ, ಬಲು ನೆಮ್ಮದಿಯಿಂದ ಕೂತಿತ್ತು.

"ಮುಳ್ಳು ಸೀಸದ್ದು," ಅಂದೆ.

ಚಂದ್ರಣ್ಣ ಆ ನೋವಿನಲ್ಲೂ ಕೈ ಚಾಚಿ ಫಿಲಂ ಕೇಳಿದರು. ಬೆಳಕಿಗೆ ಹಿಡಿದು ನೋಡಿದರು. "ನೋಡಿದ್ರಾ, ಒಡೆದೇ ಇಲ್ಲ. ನಾನ್ ಹೇಳ್ಲಿಲ್ವೇನೋ ನಾಗ? ಒಳಗೆ ಹೋಗಿ ಅರಳೋ ಹಾಲೋ ಪಾಯಿಂಟ್ ತೋಟಾ ತಗೊಂಡಿದ್ರೆ ಮಾಂಸ ಎಲ್ಲ ಹಾಳಾಗ್ತಿತ್ತು."

ಆಮೇಲೆ ನಿಜ ತುಂಡುತುಂಡಾಗಿ ಹೊರಬಂತು. ನಾಗರಾಜು ರೈಫಲ್ ಕ್ಲಬ್ಬಿನ ಸದಸ್ಯ. ಗುರಿ ಅಭ್ಯಾಸಕ್ಕೆಂದು ಲೈಸೆನ್ಸ್ ಪಡೆದ ಒಂದು ಪಾಯಿಂಟ್ ಟೂ ಟೂ ರೈಫಲ್ ಅವನಲ್ಲಿತ್ತು. ಬಿಡದಿಯ ಆಚೆ ಲೇಔಟ್ ಮಾಡಲೆಂದು ಕೊಂಡ ಕುರುಚಲು ಜಮೀನಿನಲ್ಲಿ ಮೊಲಗಳಿದ್ದವು. ಮೊಲ ಹೊಡೆಯುವುದು ಅಪರಾಧ, ಜೈಲೂ ಆಗಬಹುದು ಎಂದು ಮೂವರಿಗೂ ಗೊತ್ತಿತ್ತು. ಕಾನೂನನ್ನು ಅವರು ಗೌರವಿಸುತ್ತಿದ್ದುದು ಹೀಗೆ: ಅದಕ್ಕೆ ಕೇಳಿಸದಂತೆ ನಡೆದುಕೊಳ್ಳಬೇಕು.

ಕೇಳಿಸದ ತೋಟಾ ಹುಡುಕುವ ಜವಾಬ್ದಾರಿಯನ್ನು ಚಂದ್ರಣ್ಣ ವಹಿಸಿಕೊಂಡರು. ಜನ್ಮದಲ್ಲಿ ಬಂದೂಕು ಮುಟ್ಟಿದವರಲ್ಲ. ಆದ್ದರಿಂದಲೇ ಅಧ್ಯಯನ ಆಳವಾಗಿತ್ತು. ಲಗ್ನಪತ್ರಿಕೆಯ ಮಾದರಿಗಳ ನಡುವೆ ಮೊಬೈಲ್ ಆನಿಸಿಟ್ಟು, ತಿಂಗಳುಗಟ್ಟಲೆ ವಿಡಿಯೋ ನೋಡಿದರು. ಅವರೇ ನನಗೆ ಸ್ಟ್ರೆಚರ್ ಮೇಲಿಂದ ಪಾಠ ಮಾಡಿದ ಪ್ರಕಾರ, ಬಂದೂಕಿನ ಸದ್ದು ಎರಡು ಬಗೆ. ಒಂದು, ಮದ್ದು ಸಿಡಿದದ್ದು. ಇನ್ನೊಂದು, ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವಾಗ ಗಾಳಿಯಲ್ಲಿ ಚಾಟಿ ಬೀಸಿದಂತೆ ಆಗುವುದು. ಮ್ಯಾಗ್ನಂ ಎಂಬ ಜೋರಿನ ತೋಟಾ ಆದರೆ ಊರಿಗೇ ಡಂಗುರ. ಸಬ್‌ಸಾನಿಕ್ ಎಂಬ ನಿಧಾನದ ತೋಟಾದಲ್ಲಿ ಎರಡನೆಯ ಸದ್ದು ಇಲ್ಲವೇ ಇಲ್ಲ. ಮೊದಲನೆಯದೂ ಯಾರೋ ದಪ್ಪ ಪುಸ್ತಕ ಮುಚ್ಚಿದಷ್ಟು. ದೊಡ್ಡ ಪ್ರಾಣಿಗೆ ಅದು ಸಾಲದು, ಮೊಲಕ್ಕೆ ಸಾಕು. ಮನುಷ್ಯನ ವಿಷಯ ಆ ವಿಡಿಯೋಗಳಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಆ ಬೆಳಿಗ್ಗೆ ನಾಗರಾಜು ಬಂದೂಕು ಹಿಡಿದ. ವಿದ್ವಾಂಸರಿಗೆ ಪೊದೆ ಬಡಿದು ಮೊಲ ಎಬ್ಬಿಸುವ ಕೆಲಸ ಕೊಟ್ಟರು. ಮೊಲ ಓಡಿತು, ನಾಗರಾಜು ಹೊಡೆದ, ಪೊದೆಯ ಆಚೆ ಚಂದ್ರಣ್ಣ ಎದ್ದು ನಿಂತಿದ್ದರು. ತೋಟಾ ಎಷ್ಟು ಚೆನ್ನಾಗಿ ಆರಿಸಿದ್ದರೆಂದರೆ ಅದು ಹಾರಿದ್ದು ಅವರಿಗೇ ತಿಳಿಯಲಿಲ್ಲ. ಮುಳ್ಳು ಚುಚ್ಚಿತೆಂದುಕೊಂಡು ಹೊಟ್ಟೆ ಒತ್ತಿ ಹಿಡಿದು, "ಹೊಡಿಯೋ, ಯಾಕೋ ಸುಮ್ನೆ ನಿಂತಿದೀಯ?" ಎಂದು ಗೆಳೆಯನನ್ನೇ ಬೈದರಂತೆ.

ಬನಿಯನ್ನಿನ ಮೇಲೆ ರಕ್ತ ಕಂಡಾಗ ಕಾರಿನಲ್ಲೊಂದು ಸಭೆ ನಡೆಯಿತು. ದೊಡ್ಡಾಸ್ಪತ್ರೆಗೆ ಹೋದರೆ ಪೊಲೀಸ್, ಆದ್ದರಿಂದ ಗೊತ್ತಿರುವ ಡಾಕ್ಟರೇ ಆಗಬೇಕು ಎಂಬ ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. ಚಂದ್ರಣ್ಣನದೂ ಒಂದು ಮತ. ಹೀಗೆ ಕೆಂಗೇರಿಯ ಆಸ್ಪತ್ರೆಗಳನ್ನೆಲ್ಲ ಕಿಟಕಿಯಿಂದ ನೋಡುತ್ತ ಬಂದರು. ಮೊದಲು ಮಲ್ಲೇಶ್ವರಕ್ಕೆ ಹೋಗಿ ಬಂದೂಕು ಒಳಗಿಟ್ಟು, ಬಟ್ಟೆ ಬದಲಿಸಿ, ಕಾರಿನ ಸೀಟು ಒರೆಸಿ, ಆಮೇಲೆ ನನ್ನ ಬಳಿ.

"ಬಿಡದಿಯಲ್ಲಿ ಇವರಿಬ್ರೂ ತಟ್ಟೆ ಇಡ್ಲಿ ತಿಂದ್ರು ಡಾಕ್ಟ್ರೇ," ಎಂದು ಚಂದ್ರಣ್ಣ ದೂರಿದರು. "ನನಗೆ ಕಾರಲ್ಲೇ ಕೂತ್ಕೊಳಿ ಅಂದ ಶಶಿ."

"ಆಪರೇಷನ್‌ಗೆ ಹೊಟ್ಟೆ ಖಾಲಿ ಇರ್ಬೇಕಲ್ವಾ ಭಾವ," ಅಂದ ಶಶಿಧರ.

ಅಂದು ಅವರು ತೆಗೆದುಕೊಂಡ ವೈದ್ಯಕೀಯವಾಗಿ ಸರಿಯಾದ ತೀರ್ಮಾನ ಅದೊಂದೇ. ಮುಳ್ಳಿಗೆ ಯಾರೂ ಆಪರೇಷನ್ ಮಾಡುವುದಿಲ್ಲ ಎಂಬುದು ಅವನಿಗೆ ಇಡ್ಲಿ ತಿನ್ನುವಾಗಲೇ ಗೊತ್ತಿತ್ತು ಎಂಬುದನ್ನೂ ನಾನು ಗಮನಿಸಿದೆ.

ಗುಂಡೇಟು ಬಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಮೆಡಿಕೋ ಲೀಗಲ್ ಕೇಸ್ ಎನ್ನುತ್ತಾರೆ. ನಾಗರಾಜು ನನ್ನನ್ನು ಪಕ್ಕಕ್ಕೆ ಕರೆದ. "ನಮ್ ನಮ್ಮಲ್ಲೇ ಇರ್ಲಿ ಸರ್. ಅಪೆಂಡಿಕ್ಸ್ ಅಂತ ಬರ್ಕೊಳಿ."

"ಅದು ಬಲಗಡೆ ಇರತ್ತೆ, ನಾಗರಾಜು."

ಠಾಣೆಗೆ ಫೋನ್ ಮಾಡಿಸಿ, ಥಿಯೇಟರ್ ಸಿದ್ಧ ಮಾಡಲು ಹೇಳಿದೆ. ಅಷ್ಟರಲ್ಲಿ ಚಂದ್ರಣ್ಣನ ಹೆಂಡತಿ ಪದ್ಮಮ್ಮ ಬಂದರು. ಮೂವರೂ ಮೇಲುಕೋಟೆಗೆ ಹೋಗಿದ್ದಾರೆಂದು ಆಕೆ ನಂಬಿದ್ದರು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಲೇ ಗಂಡನನ್ನು ಕೇಳಿದರು, "ಚೆಲುವರಾಯನ ದರ್ಶನ ಆಯ್ತೇನ್ರೀ?"

"ಆಯ್ತು ಕಣೇ," ಅಂದರು ಚಂದ್ರಣ್ಣ. ಅದೇ ಅವರು ನಗಲು ಪ್ರಯತ್ನಿಸಿದ ಕೊನೆಯ ಸಲ.

ಒಳಗೆ ನಾನು ಕಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಊಟದ ಹೊತ್ತಿಗೆ ಓದುವವರೂ ಇರಬಹುದು. ಸಣ್ಣಕರುಳು ಮಡಿಕೆಮಡಿಕೆಯಾಗಿ ಇರುತ್ತದೆ, ಒಂದು ಗುಂಡು ಹಲವು ಕಡೆ ತೂರುತ್ತದೆ. ತೂತುಗಳನ್ನು ಹೊಲಿಯುವುದು ಕಷ್ಟವಲ್ಲ. ದೊಡ್ಡಕರುಳೂ ಹರಿದು, ಬೆಳಗಿನಿಂದ ಹೊಟ್ಟೆಯೆಲ್ಲ ತುಂಬಿಕೊಂಡಿದ್ದ ಹೊಲಸನ್ನು ತೊಳೆದು ಮುಗಿಸುವುದು ಕಷ್ಟ. ಮೇಲಾಗಿ ಅವರಿಗೆ ಸಕ್ಕರೆ ಕಾಯಿಲೆ.

ಮರುದಿನ ಎಚ್ಚರವಾದಾಗ ಸಬ್ ಇನ್ಸ್‌ಪೆಕ್ಟರ್ ಬಂದು ಹೇಳಿಕೆ ತೆಗೆದುಕೊಂಡರು. "ನಾನೇ ಆಸೆಪಟ್ಟು ಬಂದೂಕು ಇಸ್ಕೊಂಡೆ. ಎಡವಿ ಬಿದ್ದೆ, ಹಾರ್ತು. ನಾಗಂದು ಏನೂ ತಪ್ಪಿಲ್ಲ," ಅಂದರು ಚಂದ್ರಣ್ಣ. ಹತ್ತಿರದಿಂದ ಹಾರಿದ ಗುಂಡಾದರೆ ಗಾಯದ ಸುತ್ತ ಸುಟ್ಟ ಗುರುತೋ ಮಸಿಯೋ ಇರಬೇಕು. ಇಲ್ಲಿ ಯಾವುದೂ ಇಲ್ಲ ಎಂದೆ.

"ಪೇಷೆಂಟೇ ಹೇಳ್ತಿದಾರಲ್ಲ ಡಾಕ್ಟ್ರೇ," ಅಂದರು ಇನ್ಸ್‌ಪೆಕ್ಟರ್. ನನ್ನ ಮಾತನ್ನೂ ಬರೆದುಕೊಂಡರು. ಕೇಸು ಇನ್ನೂ ಕೋರ್ಟಿನಲ್ಲಿದೆ. ನ್ಯಾಯದೇವತೆಗೂ ಆ ಗುಂಡಿನ ಸದ್ದು ಸರಿಯಾಗಿ ಕೇಳಿಸಿದಂತಿಲ್ಲ.

ಆ ಹೇಳಿಕೆ ಆದಮೇಲೆ ನಾಗರಾಜು ಹೊರಗಿನ ಬೆಂಚಿನವರೆಗೆ ಬರುತ್ತಿದ್ದ, ಐಸಿಯು ಒಳಗೆ ಮಾತ್ರ ತಲೆ ಹಾಕಲಿಲ್ಲ. "ನಾಗ ಬಂದ್ನಾ?" ಎಂದು ಚಂದ್ರಣ್ಣ ನರ್ಸನ್ನು ಕೇಳುತ್ತಿದ್ದರು. ಬರ್ತಾರೆ ಎಂದು ಆಕೆ ಹೇಳುತ್ತಿದ್ದಳು. ಸೋಂಕು ರಕ್ತಕ್ಕೆ ಸೇರಿತು, ಮೂತ್ರಪಿಂಡಗಳು ಸೋತವು. ಬುಧವಾರ ಬೆಳಿಗ್ಗೆ ಹೋದರು. ನಾನು ಹೊರಗೆ ಬಂದಾಗ ಪದ್ಮಮ್ಮ ಸ್ನಾನಕ್ಕೆಂದು ಮನೆಗೆ ಹೋಗಿದ್ದರು. ಬೆಂಚಿನ ಮೇಲೆ ಶಶಿಧರ ಮತ್ತು ನಾಗರಾಜು ಇದ್ದರು. ಅವರಿಗೇ ಹೇಳಿದೆ. ಆಕೆಗೆ ಸುದ್ದಿ ಮುಟ್ಟಿಸುತ್ತೇವೆಂದು ಇಬ್ಬರೂ ಬೇಗ ಹೊರಟರು, ಅಷ್ಟು ಬೇಗ ಅವರು ಆ ವಾರವಿಡೀ ಎಲ್ಲಿಗೂ ಹೋಗಿರಲಿಲ್ಲ.

ಹನ್ನೊಂದನೇ ದಿನದ ಊಟಕ್ಕೆ ಪದ್ಮಮ್ಮ ತಾವೇ ಫೋನ್ ಮಾಡಿ ಕರೆದರು. ಹೋಗದಿರಲು ಆಗಲಿಲ್ಲ. ಎಲೆ ಹಾಕಿದ್ದರು. ನಾಗರಾಜು ಪಲ್ಯ ಬಡಿಸುತ್ತಿದ್ದ, ಶಶಿಧರ ಅನ್ನದ ಪಾತ್ರೆ ಹಿಡಿದು ನನ್ನ ಸಾಲಿಗೆ ಬರುತ್ತಿದ್ದ. ಆಗ ಪದ್ಮಮ್ಮ ನನ್ನೆದುರು ಬಂದು ನಿಂತರು.

"ಡಾಕ್ಟ್ರೇ, ಬೆಳಿಗ್ಗೆನೇ ಕರ್ಕೊಂಡ್ ಬಂದಿದ್ರೂ ಇವರು ಉಳೀತಿರ್ಲಿಲ್ಲ ಅಂತ ನೀವು ಹೇಳಿದ್ರಂತೆ. ಶಶಿ ಹೇಳ್ದ. ನಿಜಾನಾ?"

ಸಾವಿನ ಮನೆಯಲ್ಲಿ, ಅದೂ ಎಲೆಯ ಮುಂದೆ, ಮೆತ್ತಗೆ ಏನಾದರೂ ಹೇಳಿ ತಪ್ಪಿಸಿಕೊಳ್ಳುವ ವಿದ್ಯೆ ನನ್ನ ವೃತ್ತಿಯವರಿಗೆ ಚೆನ್ನಾಗಿ ಬರುತ್ತದೆ. ಆದರೆ ಆ ಸುಳ್ಳಿಗೆ ಬಡಿಸುತ್ತಿದ್ದ ಇವರಿಬ್ಬರೂ ನನ್ನ ಸಹಿ ಹಾಕಿಬಿಟ್ಟಿದ್ದರು.

"ಹಾಗೆ ನಾನು ಯಾರಿಗೂ ಹೇಳಿಲ್ಲಮ್ಮ," ಅಂದೆ. "ಅಲ್ಲಿಂದ ನೇರವಾಗಿ ಯಾವುದಾದರೂ ಆಸ್ಪತ್ರೆಗೆ ಹೋಗಿದ್ರೆ, ಬಹುಮಟ್ಟಿಗೆ ಉಳೀತಿದ್ರು."

ಪದ್ಮಮ್ಮ ಅಳಲಿಲ್ಲ. ತಮ್ಮನನ್ನಾಗಲಿ ನಾಗರಾಜುವನ್ನಾಗಲಿ ಬೈಯಲೂ ಇಲ್ಲ. ಶಶಿಧರನ ಕಡೆ ತಿರುಗಿದರು.

"ಬಡಿಸು ಶಶಿ. ಡಾಕ್ಟ್ರ ಎಲೆ ಖಾಲಿ ಇದೆ."

ಅವನು ಬಡಿಸಿದ. ನಾನು ಉಂಡೆ.

ಆಮೇಲೆ ನಿವೃತ್ತನಾಗುವವರೆಗೂ ಒಂದು ನಿಯಮ ಪಾಲಿಸಿದೆ, ಈಗಿನ ಹುಡುಗ ಡಾಕ್ಟರುಗಳಿಗೂ ಅದನ್ನೇ ಹೇಳುತ್ತೇನೆ: ರೋಗಿ ಹೋದ ಸುದ್ದಿಯನ್ನು ಅವನನ್ನು ಕರೆತಂದವರಿಗೆ ಮೊದಲು ಹೇಳಬೇಡಿ. ಮನೆಯವಳು ಬರುವ ತನಕ ಕಾಯಿರಿ. ಕೂರಿಸಿ, ನೀರು ಕೊಟ್ಟು, ಎಷ್ಟು ಹೊತ್ತಿಗೆ ತಂದಿದ್ದರು, ಎಷ್ಟು ಹೊತ್ತಿಗೆ ತರಬಹುದಿತ್ತು ಎಂಬುದನ್ನೂ ಆಕೆ ಕೇಳುವ ಮೊದಲೇ ನೀವೇ ಹೇಳಿ.