ಚೇಂಬರಿನಲ್ಲಿ ಸಿಕ್ಕಿದ್ದು ನಿಮ್ಮ ಮಣ್ಣಲ್ಲ

ಶಾರದಮ್ಮ, ಅಂದು ರುದ್ರಪ್ಪನವರ ಮನೆಯ ಮೋರಿ ಕಟ್ಟಿಕೊಂಡಿದ್ದು ನಿಮ್ಮ ಜೇಡಿಮಣ್ಣಿನಿಂದಲ್ಲ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೂ ಮಣ್ಣೇ ಎಂದೆ.

ನಾಲ್ಕು ವರ್ಷವಾಯಿತು. ತಿಪಟೂರಿನಲ್ಲಿ ಈಗಲೂ ನಲ್ಲಿ, ಪೈಪಿನ ಕೆಲಸ ಮಾಡಿಕೊಂಡಿದ್ದೇನೆ. ರುದ್ರಪ್ಪನವರು ಮನೆ ಕಟ್ಟಿಸುವಾಗ ಪೈಪು ಹಾಕಿದವನು ನಾನೇ. ಅವರ ಹಿತ್ತಲ ಶೆಡ್ಡನ್ನು ಬಾಡಿಗೆಗೆ ಹಿಡಿದು ನೀವು ಮಡಕೆ ಮಾಡುವುದನ್ನು ಕಲಿಸಲು ಶುರುಮಾಡಿದಾಗ, ಸಿಂಕಿನ ಕೆಳಗೆ ಮಣ್ಣು ತಂಗಲೆಂದು ಡಬ್ಬ ಕೂರಿಸಿಕೊಟ್ಟವನೂ ನಾನೇ. ನಿಮ್ಮಷ್ಟು ಎಚ್ಚರದವರನ್ನು ಕಂಡಿರಲಿಲ್ಲ. ಮಣ್ಣಿನ ಕೈಯನ್ನು ಮೊದಲು ಬಕೆಟ್ಟಿನಲ್ಲಿ ತೊಳೆಯಬೇಕು. ಮಣ್ಣು ತಳ ಸೇರಿದ ಮೇಲೆ ತಿಳಿನೀರು ಮಾತ್ರ ಸಿಂಕಿಗೆ. ಪ್ರತಿ ಶನಿವಾರ ಡಬ್ಬ ಬಿಚ್ಚಿ, ತಂಗಿದ ಕೆಸರನ್ನು ಗೋಣಿಯ ಮೇಲೆ ಆರಹಾಕಿ ಮತ್ತೆ ನಾದುತ್ತಿದ್ದಿರಿ.

ಅಂದು ರುದ್ರಪ್ಪನವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಕಿಬ್ಬನಹಳ್ಳಿ ದಾಟಿದ್ದಾರೆಂದು ಫೋನು ಬಂದಿತ್ತು. ಅಷ್ಟರಲ್ಲಿ ಅಡಿಗೆಮನೆಯ ಬಚ್ಚಲಿಂದ ಬೂದುಬಣ್ಣದ ನೀರು ಉಕ್ಕಿ ನಡುಮನೆಗೆ ಹರಿಯಿತು. ನಾನು ಓಡಿಬಂದು ಹಿತ್ತಲಿನ ಚೇಂಬರಿನ ಚಪ್ಪಡಿ ಎತ್ತಿದೆ — ಮನೆಯ ನೀರೂ ನಿಮ್ಮ ಶೆಡ್ಡಿನ ನೀರೂ ಕೂಡುವ ಗುಂಡಿ ಅದು. ಸುತ್ತ ನೆಂಟರು ನಿಂತಿದ್ದರು. ತೋಳುದ್ದ ಕೈ ಇಳಿಸಿದೆ. ಪೈಪಿನ ಬಾಯಲ್ಲಿ ಗಟ್ಟಿಯಾದದ್ದೇನೋ ತಗುಲಿತು. ಸಿಮೆಂಟಿನ ಗಡ್ಡೆ. ಪೈಪು ಕೂರಿಸುವಾಗ ಒಳಗಿಳಿದದ್ದನ್ನು ನಾನು ಕೆರೆದು ತೆಗೆದಿರಲಿಲ್ಲ — ಅವಸರದಲ್ಲಿ... ಅಲ್ಲ, ಉದಾಸೀನದಿಂದ. ಪಾತ್ರೆ ಉಜ್ಜಿದ ತೆಂಗಿನ ನಾರು, ಬೂದಿ, ಜಿಡ್ಡು ಎಲ್ಲ ಅದಕ್ಕೆ ಸಿಕ್ಕಿಕೊಂಡು ಕಟ್ಟಿಕೊಂಡಿತ್ತು. ಒಂದು ಹಿಡಿ ಕಿತ್ತು ಮೇಲೆತ್ತಿದೆ. ಜೇಡಿ ಬೆರಳಲ್ಲಿ ಜಾರುತ್ತದೆ. ಇದು ಗರಗರ ಎನ್ನುತ್ತಿತ್ತು.

"ಏನಯ್ಯ ಅದು?" ಎಂದರು ರುದ್ರಪ್ಪನವರು.

"ಮಣ್ಣು ಸ್ವಾಮಿ. ಜೇಡಿಮಣ್ಣು."

ನೀವು ಮುಂದೆ ಬಂದು ಕೈ ಚಾಚಿದಿರಿ. "ಒಂದ್ಸಲ ನನ್ ಕೈಗೆ ಕೊಡಿ ಅಣ್ಣ. ಮುಟ್ಟಿದ್ರೆ ನಂಗ್ ಗೊತ್ತಾಯ್ತದೆ."

ನಾನು ಮುಷ್ಟಿ ಬಿಗಿಮಾಡಿದೆ. "ಗಲೀಜು ಕಣಮ್ಮ, ನೀವ್ ಮುಟ್ಬೇಡಿ ಬುಡಿ" ಎಂದು, ನಿಮ್ಮ ಕಣ್ಣೆದುರಿಗೇ ಅದನ್ನು ಬೀದಿಯ ಚರಂಡಿಗೆ ಎಸೆದೆ. ದಿನವಿಡೀ ಕೆಸರಲ್ಲಿ ಕೈಯಿಟ್ಟು ದುಡಿಯುವವರಿಗೆ, ಮರ್ಯಾದೆ ತೋರಿಸುವವನ ಹಾಗೆ... ನೀವು ಚಾಚಿದ ಕೈಯನ್ನು ನಿಧಾನಕ್ಕೆ ಹಿಂದಕ್ಕೆ ಎಳೆದುಕೊಂಡಿರಿ.

ಎಲ್ಲರೂ ಬೀಗರನ್ನು ಎದುರುಗೊಳ್ಳಲು ಹೋದ ಮೇಲೆ ಉಳಿಯಿಂದ ಗಡ್ಡೆಯನ್ನು ಒಡೆದು ತೆಗೆದೆ. ನೀರು ಒಂದೇ ಸಲ ಇಳಿದುಹೋಯಿತು. ಆ ವಾರವೇ ನಿಮ್ಮಿಂದ ಶೆಡ್ಡು ಖಾಲಿ ಮಾಡಿಸಿದರು. ಆಮೇಲೆ ಮೋರಿ ಕಟ್ಟಿಕೊಳ್ಳಲೇ ಇಲ್ಲ — ಹೇಗೆ ಕಟ್ಟಿಕೊಂಡೀತು? ಮಣ್ಣಿನವಳು ಹೋದಳು, ಮೋರಿ ಸರಿಹೋಯಿತು ಎಂದು ಮನೆಯವರು ಕಂಡವರಿಗೆಲ್ಲ ಹೇಳಿದರು. ನಾನು ಮಾಡಿದ ರಿಪೇರಿಯೇ ನಿಮ್ಮ ವಿರುದ್ಧ ಸಾಕ್ಷಿಯಾಯಿತು. ಊರಲ್ಲಿ ಯಾರೂ ನಿಮಗೆ ಜಾಗ ಕೊಡಲಿಲ್ಲ. ಚಕ್ರವನ್ನು ಲಗೇಜ್ ಆಟೋಗೆ ಏರಿಸಿಕೊಂಡು ಹಂದನಕೆರೆಗೆ ಹೋದಿರಿ.

ಹೋದ ತಿಂಗಳು ಕಿಬ್ಬನಹಳ್ಳಿಯ ಬಸ್‌ಸ್ಟಾಪಿನಲ್ಲಿ ಸಿಕ್ಕಿದಾಗ ನನ್ನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಿರಿ. ಗಾರ್ಮೆಂಟ್ಸಿಗೆ ಹೋಗುತ್ತಿದ್ದೇನೆ ಎಂದಿರಿ. ಮಣ್ಣಿನ ಮಾತೇ ಎತ್ತಲಿಲ್ಲ. ನಾನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಬಸ್ಸು ಬಂತು — ಇಲ್ಲ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾನೇ ಬಾಯಿ ಬಿಡಲಿಲ್ಲ.

ನಿನ್ನೆ ರುದ್ರಪ್ಪನವರಿಗೆ ಎಲ್ಲವನ್ನೂ ಹೇಳಿದೆ. "ಹೋಗ್ಲಿ ಬುಡಪ್ಪ, ಹಳೇದು" ಎಂದರು. ಅವರಿಗೆ ಅದು ಒಂದು ಮೋರಿಯ ವಿಷಯ.

ಸೋಮವಾರ ಹಂದನಕೆರೆಗೆ ಬರುತ್ತೇನೆ. ಅದಕ್ಕೆ ಮೊದಲೇ ಈ ಕಾಗದ ನಿಮ್ಮನ್ನು ಸೇರಲಿ. ಬಾಗಿಲು ಹಾಕಿಕೊಳ್ಳಬೇಕೆನಿಸಿದರೆ ಹಾಕಿಕೊಳ್ಳಿ. ನಾನು ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಸುಳ್ಳನ್ನು ನಾಲ್ಕು ಜನರ ಎದುರಿಗೇ ಹೇಳಿದ್ದೆ.