ಎಂಟು ಗಂಟೆಯ ಚೀಟಿ

ಓಡುವವರಲ್ಲಿ ಯಾರಾದರೊಬ್ಬರು ಕಾಲು ಜಾರಿ ಕಾಲುವೆಗೆ ಬೀಳಬಹುದಿತ್ತು. ಬಿದ್ದವರಿಗೆ ಈಜು ಬಾರದೆ ಇರಬಹುದಿತ್ತು. ನಾಲ್ಕು ಅಡಿ ಇದ್ದ ನೀರನ್ನು ಐದು ಎಂದು ಬರೆದು, ನಾನು ಅದನ್ನೇ ನಂಬಿ ತೂಬು ಇಳಿಸಿ, ಕೊನೆಯ ಗದ್ದೆಗಳು ಒಣಗಿ, ರೈತರು ನನ್ನ ಕಚೇರಿಗೆ ಬೀಗ ಜಡಿಯಬಹುದಿತ್ತು. ನೀರಿನ ಅಳತೆ ಬರೆದ ಚೀಟಿ ಬೆವರಿನಲ್ಲಿ ನೆನೆದು ಅಕ್ಷರ ಅಳಿಸಬಹುದಿತ್ತು. ನಾಯಿ ಕಚ್ಚಬಹುದಿತ್ತು. ಹಾವಂತೂ ಕಾಲುವೆ ದಂಡೆಯ ಕಾಯಂ ನೌಕರ. ಆಡಿಟ್‌ನವರು ಬಂದು, ‘ಇಲಾಖೆಯ ಕೆಲಸವನ್ನು ಒಬ್ಬ ದರ್ಜಿಯಿಂದ ಮಾಡಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು?’ ಎಂದು ಕೇಳಬಹುದಿತ್ತು. ನಾನು ಅಮಾನತಾಗಬಹುದಿತ್ತು. ಇದನ್ನೆಲ್ಲ ಊಟದ ಹೊತ್ತಿಗೆ ಹೆಂಡತಿಗೆ ಒಪ್ಪಿಸಿದಾಗ ಅವಳು, “ಭೂಕಂಪ ಒಂದನ್ನು ಬಿಟ್ಟಿರಲ್ಲ” ಅಂದಳು. ಅದನ್ನೂ ಸೇರಿಸಿಕೊಂಡೆ.

ಅದು ೧೯೭೮ರ ಮಳೆಗಾಲ. ನಾನು ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆಯಿಂದ ಒಡೆಯುವ ಒಂದು ವಿತರಣಾ ಕಾಲುವೆಯ ಸೆಕ್ಷನ್ ಆಫೀಸರ್ ಆಗಿದ್ದೆ. ವಯಸ್ಸು ನಲವತ್ತನಾಲ್ಕು. ಮುನಿರಾಬಾದಿನ ಕಾಲೊನಿಯಲ್ಲಿ ನಾಲ್ಕು ವರ್ಷ ನಕಾಶೆಗಳ ನಡುವೆ ಸುರಕ್ಷಿತವಾಗಿದ್ದವನನ್ನು ನೀರಿನ ಪಕ್ಕಕ್ಕೆ ತಂದು ಕೂಡಿಸಿದ್ದರು. ನನ್ನ ಪಾಲಿಗೆ ಬಂದದ್ದು ಒಂಬತ್ತು ಮೈಲಿ ಕಾಲುವೆ, ನಾಲ್ಕು ಗೇಜುಗಳು. ಗೇಜು ಎಂದರೆ ದೊಡ್ಡ ಯಂತ್ರವೇನಲ್ಲ. ನೀರಿನೊಳಗೆ ಕಲ್ಲಿನ ಮೆಟ್ಟಿಲಿನ ಪಕ್ಕ ನಿಲ್ಲಿಸಿದ, ಅಡಿ ಇಂಚು ಬರೆದ ಬಿಳಿ ಪಟ್ಟಿ. ನೀರು ಯಾವ ಗೀಟಿನವರೆಗೆ ಬಂದಿದೆ ಎಂದು ನೋಡಿ ಬರೆದುಕೊಂಡು ಬರುವವನು ಗೇಜ್ ರೀಡರ್. ಆ ನಾಲ್ಕು ಅಂಕಿಗಳನ್ನು ನಾನು ಫೋನಿನಲ್ಲಿ ವಿಭಾಗ ಕಚೇರಿಗೆ ಹೇಳಬೇಕು. ಅದರ ಮೇಲೆ ಅಂದಿನ ನೀರಿನ ಹಂಚಿಕೆ.

ನನ್ನ ಗೇಜ್ ರೀಡರ್ ದುರುಗಪ್ಪ. ಕಾಲುವೆಯ ಬಾಲದ ತುದಿಯಲ್ಲಿ, ಒಂಬತ್ತನೇ ಮೈಲಿಯ ಒಂದು ಕೋಣೆಯ ಕ್ವಾರ್ಟರ್ಸಿನಲ್ಲಿ ಹೆಂಡತಿ ಹುಲಿಗೆವ್ವ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದ. ಬೆಳಿಗ್ಗೆ ಆರಕ್ಕೆ ಮನೆಯೆದುರಿನ ಗೇಜು ಓದಿ, ಆರನೇ ಮೈಲಿ, ಮೂರನೇ ಮೈಲಿ, ಕಡೆಗೆ ಕಾಲುವೆಯ ತಲೆಯ ಗೇಜು ಮುಗಿಸಿ, ಅಲ್ಲೇ ಇದ್ದ ನನ್ನ ಕಚೇರಿಗೆ ಏಳೂಕಾಲು ಏಳೂವರೆಗೆಲ್ಲ ಚೀಟಿ ತರುತ್ತಿದ್ದ. ಅಂದರೆ ಒಂಬತ್ತು ಮೈಲಿಯನ್ನೂ ಬರಿಗಾಲಲ್ಲಿ ಓಡುತ್ತಿದ್ದ. ಗಡುವು ಎಂಟು ಗಂಟೆ. ಅವನು ಒಂದು ದಿನವೂ ತಪ್ಪಿಸಿದವನಲ್ಲ. ನಾನು ಮಾತ್ರ ಏಳು ಗಂಟೆಯಿಂದಲೇ ಬಾಗಿಲಲ್ಲಿ ನಿಂತು ದಂಡೆ ನೋಡುತ್ತಿದ್ದೆ.

ಅವನ ಹಿಂದೆ ಒಂದು ಓಟದ ಮಂದಿಯೇ ಹುಟ್ಟಿಕೊಂಡಿತ್ತು. ಸುತ್ತಲೂ ಬಂಡೆ, ಕೆಸರುಗದ್ದೆ. ಸಪಾಟಾದ ದಾರಿ ಎಂದರೆ ಕಾಲುವೆ ದಂಡೆ ಒಂದೇ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಭತ್ತದ ರೈತ ಸುಬ್ಬಾರಾವ್, ಆನೆಗೊಂದಿ ಕಡೆಯ ಕಲ್ಲು ಕುಟಿಗ ಯಂಕಪ್ಪ, ದರ್ಜಿ ಖಾಜಾಸಾಬ್, ಇನ್ನೂ ಎಂಟು ಹತ್ತು ಜನ ಆರನೇ ಮೈಲಿಯಲ್ಲಿ ಕೂಡಿ ದುರುಗಪ್ಪನ ಬೆನ್ನು ಹತ್ತುತ್ತಿದ್ದರು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಎಲ್ಲಿ ಓಟದ ಪಂದ್ಯವಿದ್ದರೂ ಹತ್ತಿಯ ಲಾರಿ ಏರಿ ಹೋಗುತ್ತಿದ್ದರು. ಗೆಲ್ಲುತ್ತಿದ್ದವನು ಬಹುತೇಕ ದುರುಗಪ್ಪ. ಅವರಲ್ಲೊಂದು ರೂಢಿ ಇತ್ತು: ಮೊದಲು ಮುಟ್ಟಿದವನು ಕೂಡುವಂತಿಲ್ಲ. ತಿರುಗಿ ಓಡಿ, ಕಟ್ಟಕಡೆಗೆ ಬರುತ್ತಿರುವವನ ಪಕ್ಕ ಸೇರಿ ಅವನನ್ನು ಕರೆದುಕೊಂಡು ಬರಬೇಕು. ಗೆದ್ದು ಬಂದ ದಿನವೂ ದುರುಗಪ್ಪ ಹಾಗೆ ವಾಪಸು ಓಡುತ್ತಿದ್ದನಂತೆ. ಒಮ್ಮೆ ನನ್ನನ್ನೂ ಓಡಲು ಕರೆದ. ನನ್ನ ಮೊಣಕಾಲು, ರಕ್ತದೊತ್ತಡ, ಚಪ್ಪಲಿ, ಈ ಮೂರನ್ನು ಕುರಿತು ಹತ್ತು ನಿಮಿಷ ವಿವರಿಸಿದೆ. ಅವನು ನಿಂತಲ್ಲೇ ಕಾಲು ಕುಣಿಸುತ್ತ ಕೇಳಿಸಿಕೊಂಡ.

ಆಗಸ್ಟಿನ ಒಂದು ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿದ್ದಾಗ ಚೀಟಿ ತಂದವನು ಖಾಜಾಸಾಬ್.

“ತಗೋರಿ ಸಾಹೇಬ್ರ, ಎಂಟಾಗಿಲ್ಲ ನೋಡ್ರಿ” ಅಂದ.

“ದುರುಗಪ್ಪ ಎಲ್ಲಿ?”

ಅವನಿಗೆ ಉಸಿರು ಸಿಗುತ್ತಿರಲಿಲ್ಲ. “ಆರನೇ ಮೈಲಿನಾಗ ಅದಾನ್ರಿ. ಗೇಜ್ ಓದಿದ, ಬರದ, ಮೆಟ್ಟಿಲ ಮ್ಯಾಲೆ ಕುಂತ. ಏಳ್ಲೇ ಇಲ್ರಿ. ಸುಬ್ಬಾರಾವ್ ಡಾಕ್ಟರನ್ನ ಕರಕೊಂಬರಾಕ ಹೋಗ್ಯಾನ. ಕರಕೊಂಬಂದು ಏನ್ ಮಾಡ್ತಾನ್ರಿ, ಆತ ಹೋಗಿಬಿಟ್ಟಾನ.”

ಚೀಟಿ ನೋಡಿದೆ. ಮೊದಲ ಎರಡು ಅಂಕಿ ದುರುಗಪ್ಪನ ಕೈಯವು. ಉಳಿದೆರಡು ಖಾಜಾಸಾಬನವು. ಗೆಳೆಯನ ಹೆಣವನ್ನು ಯಂಕಪ್ಪನ ತೊಡೆಯ ಮೇಲೆ ಬಿಟ್ಟು, ಮೂರನೇ ಮೈಲಿಯಲ್ಲೂ ಕಾಲುವೆಯ ತಲೆಯಲ್ಲೂ ನಿಂತು ಗೇಜು ಓದಿ, ಅವನು ಗಡುವಿನೊಳಗೆ ಬಂದಿದ್ದ. ಯಾಕೆ ಎಂದು ಅವನೇ ಹೇಳಿದ: “ದಿನಾ ಆತ ಎಂಟರ ಮಾತಾ ಹೇಳ್ತಿದ್ದರಿ. ಇವತ್ತೊಂದಿನ ತಪ್ಪಬಾರದು ಅಂತ.”

ಹೃದಯ ನಿಂತದ್ದು ಎಂದರು ವೈದ್ಯರು. ವಯಸ್ಸು ಮೂವತ್ತಮೂರು.

ದುರುಗಪ್ಪನದು ವರ್ಕ್‌ಚಾರ್ಜ್ಡ್ ಹುದ್ದೆ. ಕಾಮಗಾರಿಯ ಲೆಕ್ಕದಲ್ಲಿ ನಡೆಯುವ, ಕಾಯಂ ಅಲ್ಲದ ಕೆಲಸ. ಹುದ್ದೆ ಇನ್ನೊಬ್ಬನಿಗೆ ಹೋದರೆ ಕೋಣೆಯೂ ಅವನ ಹಿಂದೆ ಹೋಗುತ್ತಿತ್ತು. ಹುಲಿಗೆವ್ವ ತವರಿಗೆ ಹೋಗೋಣವೆಂದರೆ ತವರಿನಲ್ಲಿ ಯಾರೂ ಇರಲಿಲ್ಲ. ಗಂಡನ ಕೆಲಸ ತನಗೆ ಕೊಡಿಸಬೇಕೆಂದು ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದಳು. ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಗಂಡ ಜ್ವರದಲ್ಲಿದ್ದಾಗ ಮನೆಯೆದುರಿನ ಗೇಜು ಅವಳೇ ಓದಿ ಹೇಳುತ್ತಿದ್ದಳು. ಅರ್ಜಿಯ ಮೇಲೆ ವರದಿ ಕೊಡಬೇಕಾದವನು ನಾನು. ಒಬ್ಬ ಗುತ್ತಿಗೆದಾರನ ಅಳಿಯನ ಹೆಸರು ಆಗಲೇ ಓಡಾಡುತ್ತಿತ್ತು. ಒಂದು ದಿನದ ಅಂಕಿ ಬರದಿದ್ದರೂ ಸಾಕು, ಆ ನೆವದಲ್ಲಿ ಅವನನ್ನು ತಂದು ಕೂಡಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಹುಲಿಗೆವ್ವ ಒಂಬತ್ತು ಮೈಲಿಯನ್ನು ಎಂಟರೊಳಗೆ ಮುಟ್ಟುವುದಂತೂ ಆಗದ ಮಾತು. ಹಾಗಾಗಿ ವರದಿ ಬರೆಯದೆ ಮುಂದೂಡುತ್ತಿದ್ದೆ.

ಮಣ್ಣು ಮಾಡಿದ ಮರುದಿನ ಓಟದ ಮಂದಿ ನನ್ನ ಕಚೇರಿಯ ಜಗಲಿಯಲ್ಲಿ ಬಂದು ಕುಳಿತರು. ಮಾತು ಖಾಜಾಸಾಬನದೇ.

“ಆರ್ಡರ್ ಬರೋತನಕ ಚೀಟಿ ನಾವು ತರ್ತೀವ್ರಿ. ಆಕಿ ಮನಿ ಮುಂದಿನ ಗೇಜ್ ಓದ್ಲಿ. ಆರನೇ ಮೈಲಿತನಕ ಸುಬ್ಬಾರಾವ್, ಮೂರರತನಕ ಯಂಕಪ್ಪ, ಅಲ್ಲಿಂದ ಇಲ್ಲಿಗೆ ನಾನು.”

“ಇದು ಸರ್ಕಾರಿ ಕೆಲಸ ಖಾಜಾಸಾಬ್. ನಿಮಗೇನಾದರೂ ಆದರೆ?”

ಯಂಕಪ್ಪ ನೆಲ ನೋಡುತ್ತ ಅಂದ: “ಹಿಂದ ಉಳದಾವ್ರನ್ನ ಕರಕೊಂಬರೋದು ನಮ್ಮ ರೂಢಿ ರಿ. ಈಗ ಆಕಿ ಹಿಂದ ಉಳದಾಳ.”

ಸುಬ್ಬಾರಾವ್ ಸೇರಿಸಿದ: “ಸಾರ್ ಹೆದರ್ತಾರೆ ಬಿಡ್ರಯ್ಯ. ಹೆದರೋದಕ್ಕೇ ಸಾರಿಗೆ ಪಗಾರ ಕೊಡ್ತಾರೆ.”

ಆ ದುಃಖದಲ್ಲೂ ಎಲ್ಲರೂ ನಕ್ಕರು. ನಾನು ಒಪ್ಪಿದೆ. ಧೈರ್ಯದಿಂದಲ್ಲ. ಬೇಡ ಎಂದರೆ ಆಗಬಹುದಾದದ್ದರ ಪಟ್ಟಿ ಇನ್ನೂ ಉದ್ದವಾಗಿತ್ತು.

ಇಪ್ಪತ್ತಾರು ದಿನ ಚೀಟಿ ಹಾಗೆ ಬಂತು. ಉಳಿದವರೂ ಕೈಕಟ್ಟಿ ಕೂರಲಿಲ್ಲ. ಯಾರೋ ಜೋಳದ ಚೀಲ ತಂದು ಇಳಿಸಿದರು, ಯಾರೋ ಸೋರುವ ಚಾವಣಿಗೆ ಹಂಚು ಹೊಂದಿಸಿದರು, ಮಕ್ಕಳನ್ನು ಸರದಿಯಂತೆ ಸಾಲೆಗೆ ಬಿಟ್ಟು ಬಂದರು. ಆ ನಡುವೆ ಕುಷ್ಟಗಿಯಲ್ಲಿ ಒಂದು ಪಂದ್ಯವಿತ್ತು. ಹನ್ನೊಂದು ಜನವೂ ಹೋಗಿ, ಮುಂದೆ ಒಬ್ಬ ಆಳಿನಷ್ಟು ಜಾಗ ಬಿಟ್ಟು, ಒಂದೇ ಗುಂಪಾಗಿ ಓಡಿ ಮುಗಿಸಿದರಂತೆ. ಯಾರೂ ಮುಂದೆ ಹಾಯಲಿಲ್ಲ. ಗೆದ್ದವರು ಬೇರೆ ಯಾರೋ. ಯಾರು ಎಂದು ನಾನು ಕೇಳಿದೆ. ಅವರಲ್ಲಿ ಒಬ್ಬರೂ ನೋಡಿರಲಿಲ್ಲ.

ಇಪ್ಪತ್ತಾರನೆಯ ದಿನ ನಮ್ಮ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅಂದರೆ ನನ್ನ ಮೇಲಿನ ಅಧಿಕಾರಿ, ಸುಳಿವು ಕೊಡದೆ ಬಾಲದ ಕಡೆಯಿಂದ ಜೀಪು ತಂದರು. ಒಂಬತ್ತನೇ ಮೈಲಿಯಲ್ಲಿ ಹುಲಿಗೆವ್ವ ನೀರಿಗಿಳಿದು ಗೇಜು ಓದುವುದನ್ನೂ, ಚಡ್ಡಿ ಹಾಕಿದ ಒಬ್ಬ ರೈತ ಚೀಟಿ ಇಸಿದುಕೊಂಡು ಓಟ ಕೀಳುವುದನ್ನೂ ನೋಡಿದರು. ಅವಳನ್ನು ಜೀಪಿಗೆ ಹತ್ತಿಸಿಕೊಂಡು, ಒಂಬತ್ತು ಮೈಲಿಯೂ ಆ ಚೀಟಿಯ ಹಿಂದೆಯೇ ಬಂದರು. ಜೀಪು ಅಟ್ಟಿಸಿಕೊಂಡು ಬರುತ್ತಿದೆಯೆಂದು ತಿಳಿದು ಖಾಜಾಸಾಬ್ ತನ್ನ ಜೀವಮಾನದಲ್ಲೇ ಓಡದಷ್ಟು ಜೋರಾಗಿ ಓಡಿದ. ಏಳು ಗಂಟೆ ಹತ್ತು ನಿಮಿಷಕ್ಕೆ ಚೀಟಿಯೂ ಸಾಹೇಬರೂ ಒಟ್ಟಿಗೆ ನನ್ನ ಮೇಜಿನ ಮುಂದೆ ಇದ್ದರು. ದಾರಿಯಲ್ಲಿ ಚೀಟಿ ದಾಟಿಸಿದ್ದ ಸುಬ್ಬಾರಾವ್, ಯಂಕಪ್ಪನನ್ನೂ ಜೀಪೇ ಹೊತ್ತು ತಂದಿತ್ತು.

“ಇವರು ಇಲಾಖೆಯವರೇನ್ರೀ?”

“ಅಲ್ಲ ಸರ್. ಓಟದ ಮಂದಿ.”

ಅವರು ಹುಲಿಗೆವ್ವನ ಕಡೆ ತಿರುಗಿದರು. “ನಿನಗೆ ಗೇಜು ಓದಲು ಬರುತ್ತದೆಯಲ್ಲಮ್ಮ. ಮತ್ತೆ ಇವರೆಲ್ಲ ಯಾಕೆ?”

“ಓದಾಕ ಬರ್ತೈತ್ರಿ. ನಡದು ಬರಾಕೂ ಬರ್ತೈತಿ. ಓಡಾಕ ಬರಂಗಿಲ್ರಿ.”

“ಓಡು ಅಂದವರು ಯಾರು?”

ಯಾರೂ ಬೆರಳು ಮಾಡಲಿಲ್ಲ. ಆದರೆ ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ನಾನು ಹೇಳಿದೆ, “ಎಂಟು ಗಂಟೆಗೆ ಚೀಟಿ ಬರಬೇಕಲ್ಲ ಸರ್.”

“ವಿಭಾಗ ಕಚೇರಿ ನಿಮ್ಮಿಂದ ಕೇಳುವುದು ಹತ್ತೂವರೆಗೆ. ಈ ಎಂಟು ಎಲ್ಲಿಂದ ಬಂತು? ಆದೇಶ ತೋರಿಸಿ.”

ಕಡತ ತೆಗೆದೆ. ಇಲಾಖೆಯ ಸುತ್ತೋಲೆಯಲ್ಲಿ ಹತ್ತೂವರೆ ಎಂದಿತ್ತು. ಅದರ ಕೆಳಗೆ ಪಿನ್ನು ಹಾಕಿದ್ದ ಒಂದು ಹಾಳೆಯಲ್ಲಿ, ನಾನು ಇಲ್ಲಿಗೆ ಬಂದ ಮೊದಲ ವಾರದ ತಾರೀಖಿನೊಂದಿಗೆ, ‘ಗೇಜ್ ಅಂಕಿಗಳು ಬೆಳಿಗ್ಗೆ ೮ ಗಂಟೆಯೊಳಗೆ ತಲುಪತಕ್ಕದ್ದು’ ಎಂದಿತ್ತು. ಅಕ್ಷರ ನನ್ನದು. ಸಹಿ ನನ್ನದು. ಫೋನಿನ ತಂತಿ ಕೆಟ್ಟರೆ, ಅಂಕಿಯಲ್ಲಿ ಅನುಮಾನ ಬಂದರೆ, ಜೀಪು ಸಿಗದಿದ್ದರೆ ಎಂದು ಹೆದರಿ ಎರಡೂವರೆ ಗಂಟೆಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಅದು ನನ್ನದೆಂಬುದೇ ಮರೆತು, ಸರ್ಕಾರದ್ದೆಂದು ನಾನೂ ನಂಬಿದ್ದೆ. ಅಷ್ಟೂ ದಿನ ಆ ಎರಡೂವರೆ ಗಂಟೆಯಲ್ಲಿ ನಾನು ಮಾಡಿದ್ದೇನು? ಅಂಕಿಗಳನ್ನು ನಾಲ್ಕು ಸಲ ಓದಿ, ಚಹಾ ಕುಡಿದು, ಫೋನು ಕೆಟ್ಟಿದೆಯೇ ಎಂದು ಎತ್ತಿ ನೋಡುತ್ತಿದ್ದೆ.

ಸಾಹೇಬರು ಹಾಳೆ ಓದಿ ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಲಿಗೆವ್ವ ಬಾಗಿಲ ಹತ್ತಿರ ನಿಂತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಹತ್ತೂವರಿ ಇದ್ರೂ ಆತ ಓಡತಿದ್ದರಿ ಸಾಹೇಬ್ರ. ಓಡೋದಂದ್ರ ಆತಗ ಜೀವ. ಆದ್ರ ಅವತ್ತ ಎದಿ ಹಿಡದಂಗ ಆಗೇತಿ ಅಂದಿದ್ದ. ತಟಗ ಕುಂತು ಹೋಗು ಅಂದೆ. ಎಂಟಾಗ್ತೈತಿ ಅಂದ.”

ಕುಳಿತಿದ್ದರೆ ಉಳಿಯುತ್ತಿದ್ದನೇ ಎಂದು ಆಮೇಲೆ ಆ ವೈದ್ಯರನ್ನು ಎರಡು ಸಲ ಹೋಗಿ ಕೇಳಿದ್ದೇನೆ. ಹೇಳಲಾಗದು ಎಂದರು. ಎರಡನೆಯ ಸಲ, ಮತ್ತೆ ಬರಬೇಡಿ ಎಂದರು.

ನಾನು ಆ ಹಾಳೆಯನ್ನು ಎಲ್ಲರೆದುರಿಗೇ ರದ್ದು ಮಾಡಿದೆ. ಅಂಕಿಗಳು ಹತ್ತು ಗಂಟೆಯೊಳಗೆ ತಲುಪಿದರೆ ಸಾಕು ಎಂದು ಹೊಸದು ಬರೆದು, ಅರ್ಜಿದಾರಳು ಈ ಕೆಲಸಕ್ಕೆ ಅರ್ಹಳು ಎಂದು ವರದಿ ಸೇರಿಸಿದೆ. ಸಾಹೇಬರು ನಿಂತಲ್ಲೇ ಸಹಿ ಹಾಕಿ, ಆದೇಶ ನಾಲ್ಕು ದಿನದಲ್ಲಿ ಕಳಿಸುತ್ತೇನೆ ಎಂದರು. ಕಳಿಸಿದರು. ಕೋಣೆ ಅವಳಿಗೇ ಉಳಿಯಿತು.

ಆಮೇಲೆ ಹಲವು ಕಡೆ ಕೆಲಸ ಮಾಡಿದ್ದೇನೆ. ಹೆದರಿಕೆ ಬಿಟ್ಟಿಲ್ಲ, ಈ ವಯಸ್ಸಿನಲ್ಲಿ ಬಿಡುವುದೂ ಇಲ್ಲ. ಆದರೆ ಒಂದನ್ನು ಕಲಿತೆ. ನನ್ನ ಹೆದರಿಕೆಯನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದರೆ, ಅದನ್ನು ಹೊತ್ತು ಓಡುವವರು ಬೇರೆ ಯಾರೋ. ಅದಕ್ಕೇ ಹೊಸ ಜಾಗಕ್ಕೆ ಹೋದ ಮೊದಲ ವಾರ ಯಾವ ಆದೇಶವನ್ನೂ ಬರೆಯುವುದಿಲ್ಲ.

ಇನ್ನು ನಾನು ಹೆದರಿದ್ದ ಆ ತಪ್ಪುಗಳ ಮಾತು. ಆ ಇಪ್ಪತ್ತಾರು ದಿನದಲ್ಲಿ ಯಾರೂ ನೀರಿಗೆ ಬೀಳಲಿಲ್ಲ, ಯಾವ ಅಂಕಿಯೂ ತಪ್ಪಲಿಲ್ಲ, ಆಡಿಟ್‌ನವರು ಕೇಳಲಿಲ್ಲ. ಒಂದು ಅಂಕಿ ತಪ್ಪಿದ್ದು, ಹುಲಿಗೆವ್ವ ತನ್ನ ಹೆಸರಿನಲ್ಲಿ ಕೆಲಸಕ್ಕೆ ಬಂದ ಮೊದಲ ದಿನ. ಅವತ್ತು ಓಟದ ಮಂದಿ ಒಬ್ಬರೂ ಓಡಲಿಲ್ಲ. ಒಂಬತ್ತು ಮೈಲಿಯೂ ಅವಳ ಹಿಂದೆ, ಅವಳ ನಡಿಗೆಯಲ್ಲೇ ನಡೆದು ಬಂದು ಜಗಲಿಯಲ್ಲಿ ಕುಳಿತರು. ಆರನೇ ಮೈಲಿಯ ಮೆಟ್ಟಿಲಲ್ಲಿ ತುಸು ನಿಂತಿದ್ದರಂತೆ. ಅವಳು ಸೆರಗಿನ ಗಂಟಿನಿಂದ ಚೀಟಿ ಬಿಚ್ಚಿ ಕೊಟ್ಟಳು. ನಾನು ರಿಜಿಸ್ಟರ್ ತೆರೆದು ನಾಲ್ಕು ಅಂಕಿ ಏರಿಸಿ, ತಲುಪಿದ ವೇಳೆಯ ಕಾಲಮ್ಮಿನಲ್ಲಿ ಬರೆದು, ಶಾಯಿ ಆರಲೆಂದು ಒತ್ತುಕಾಗದ ಒತ್ತಿದೆ.

ಅವಳು ಬಗ್ಗಿ ನೋಡಿದಳು.

“ಎಂಟು ಅಂತ ಬರದೀರಲ್ರಿ ಸಾಹೇಬ್ರ. ಈಗ ಒಂಬತ್ತೂ ನಲವತ್ತಾಗೇತಿ. ನೀವು ಎಂಟು ಬರದ್ರ ನಾಳಿಂದ ನಾ ಓಡಬೇಕಾಗ್ತೈತಿ.”