ಮುಚ್ಚಳದ ಗೆರೆ

ನಮ್ಮೂರು ಉಮ್ಮತ್ತೂರಿಗೆ ಬರುತ್ತಿದ್ದ ನರ್ಸಮ್ಮ ಜ್ವರದ ಸಿರಪ್ಪನ್ನು ಬಾಟಲಿಯ ಅಳತೆ ಮುಚ್ಚಳಕ್ಕೆ ಹುಯ್ದು, ಜಗಲಿಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು ಗೆರೆ ನೋಡುತ್ತಿದ್ದಳು. "ಗೆರೆ ದಾಟ್ಬ್ಯಾಡಿ ಕಣವ್ವ, ಮಗೀನ ಲಿವರ್ರು ಕೆಟ್ಟೋಯ್ತದೆ" ಎಂದು ಮನೆಮನೆಯಲ್ಲೂ ಹೇಳುತ್ತಿದ್ದಳು.

"ಆರು ಮಕ್ಕಳ ಸಾಕಿವ್ನಿ, ಓಗಮ್ಮಿ" ಎಂದು ನಾನು ನಗುತ್ತಿದ್ದೆ.

ಮೊಮ್ಮಗಳಿಗೆ ಜ್ವರ ಬಂದಾಗ ಅವಳು ಕೊಟ್ಟ ಸಿರಪ್ಪನ್ನು, ಮುಚ್ಚಳದ ಮೂರರಷ್ಟು ಹಿಡಿಯುವ, ಹಾಲು ಕುಡಿಸುವ ಒಳಲೆಯ ತುಂಬ ಹುಯ್ದು ಮೂರು ದಿನ ಕುಡಿಸಿದೆ. ಮಗು ಕಣ್ಣು ಬಿಡದಾಯಿತು.

ನರ್ಸಮ್ಮ ಓಡಿಬಂದು, "ಯಾವುದ್ರಲ್ಲಿ ಅಳೆದ್ರವ್ವ? ಡಾಕ್ಟ್ರಿಗೆ ಯೋಳ್ಬೇಕು, ದಿಟ ಯೋಳಿ" ಎಂದಳು. ಸೊಸೆ ಎದುರಿಗಿದ್ದಳು, ಹೆದರಿದೆ.

"ಮುಚ್ಚಳದಲ್ಲೇ ಕಣಮ್ಮಿ, ಗೆರೆ ಗಂಟ" ಎಂದೆ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಅವಳು ಅದನ್ನೇ ಹೇಳಿದಳು. ಮಗು ಉಳಿಯಲಿಲ್ಲ. ಅವಳು ಕೊಟ್ಟ ಔಷಧಿಯೇ ಕೊಂದಿತೆಂದು ಸೊಸೆ ಅವಳ ಮುಖಕ್ಕೆ ಉಗಿದಾಗಲೂ ನಾನು ಬಾಯಿ ಬಿಡಲಿಲ್ಲ.